ಮಣ್ಣೆತ್ತಿನ ಪಾಠಶಾಲೆ

“ಓದದಿದ್ದರೆ ದನ ಕಾಯಲು ಹೋಗಬೇಕಾಗುತ್ತದೆ, ನೋಡು!” ಈ ಬೈಗುಳವನ್ನು ಒಮ್ಮೆಯೂ ಕೇಳದೆ ಹತ್ತನೆಯ ತರಗತಿ ದಾಟಿದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ. ಅಪ್ಪ ಅಂದಿರುತ್ತಾರೆ, ಮೇಷ್ಟ್ರು ಅಂದಿರುತ್ತಾರೆ, ಅಂಕಪಟ್ಟಿ ನೋಡಿದ ಚಿಕ್ಕಪ್ಪನೂ ಅಂದಿರುತ್ತಾರೆ. ವಿಚಿತ್ರವೆಂದರೆ, ದನ ಕಟ್ಟಿಕೊಂಡೇ ಸಂಸಾರ ನಡೆಸುವ ರೈತನೂ ಮಗನಿಗೆ ಇದೇ ಮಾತು ಹೇಳುತ್ತಾನೆ. ದನ ಕಾಯುವುದೆಂದರೆ ಬುದ್ಧಿಯೇ ಬೇಡದ ಕೆಲಸವೆಂದು ನಾವೆಲ್ಲ ಸೇರಿ ತೀರ್ಮಾನಿಸಿಬಿಟ್ಟಿದ್ದೇವೆ.

ನಿಜವಾಗಿಯೂ ಹಾಗಿದೆಯೇ? ಒಂದೇ ಒಂದು ಉದಾಹರಣೆ ನೋಡೋಣ. ಮುಂಗಾರು ಕೈಕೊಟ್ಟು ಮೊಣಕಾಲೆತ್ತರದ ಜೋಳದ ಪೈರು ಬಾಡಿ ನಿಂತಿದೆ ಎನ್ನಿ. ಹಸಿದ ದನ ಅತ್ತ ನುಗ್ಗುತ್ತದೆ. ಅನುಭವವಿರುವ ದನಗಾಹಿ ಹುಡುಗ ಓಡಿಹೋಗಿ ಅದನ್ನು ಅಡ್ಡಗಟ್ಟುತ್ತಾನೆ. ಯಾರದೋ ಪೈರು ಹಾಳಾದೀತೆಂಬ ಭಯವಷ್ಟೇ ಇದಕ್ಕೆ ಕಾರಣವಲ್ಲ. ಎಳೆಯ ಜೋಳದಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿದ ಪೈರಿನಲ್ಲಿ, ಧುರಿನ್ ಎಂಬ ವಸ್ತು ಹೆಚ್ಚಾಗಿರುತ್ತದೆ. ಮೇದ ದನದ ಹೊಟ್ಟೆಯಲ್ಲಿ ಅದು ಒಡೆದು ಹೈಡ್ರೋಜನ್ ಸೈನೈಡ್ ಎಂಬ ವಿಷವಾಗುತ್ತದೆ. ಹೊಟ್ಟೆ ತುಂಬ ಮೇದ ದನ ಸ್ವಲ್ಪ ಹೊತ್ತಿನಲ್ಲೇ ನೆಲಕ್ಕುರುಳಬಹುದು. ಪೈರು ಬಲಿತ ಮೇಲೆ ಈ ವಿಷದ ಅಂಶ ಇಳಿಯುತ್ತದೆ. ಆಗ ಅದೇ ಜೋಳದ ಮೇವು ದನಕ್ಕೆ ಅಮೃತ. ಸೈನೈಡ್ ಎಂಬ ಹೆಸರು ಹುಡುಗನಿಗೆ ಗೊತ್ತಿಲ್ಲ. ಆದರೆ ಯಾವ ಹೊಲಕ್ಕೆ ಯಾವಾಗ ದನ ಬಿಡಬಾರದೆಂಬುದು ಗೊತ್ತಿದೆ. ಹೆಸರು ಗೊತ್ತಿದ್ದು ಹೊಲ ಗೊತ್ತಿಲ್ಲದವನಿಗಿಂತ ಅವನು ಕಡಿಮೆ ತಿಳಿದವನೇನೂ ಅಲ್ಲ.

ಇಂಥ ತಿಳಿವಳಿಕೆ ಅವನಿಗೆ ಯಾವ ಶಾಲೆಯಲ್ಲಿ ಸಿಕ್ಕಿತು? ಹೊಲದಲ್ಲಿ ಸಿಕ್ಕಿತು ಎನ್ನಬಹುದು. ಆದರೆ ಹೊಲಕ್ಕೆ ಹೋಗುವ ಮೊದಲೇ, ಅಂಗಳದಲ್ಲಿ ಆಡುವಾಗಲೇ, ಆ ಪಾಠ ಶುರುವಾಗಿರುತ್ತದೆ. ಇಂದಿನ ಮಾತು ಆ ಆಟಗಳನ್ನು ಕುರಿತದ್ದು.

ಉಳಿದದ್ದು ಆಟಿಕೆ

ಹರಪ್ಪಾ ಮತ್ತು ಮೊಹೆಂಜೊದಾರೊ ನೆಲೆಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಗಾಡಿಗಳು ಮತ್ತು ಎತ್ತುಗಳು ಸಿಕ್ಕಿರುವುದನ್ನು ವಿದ್ಯಾರ್ಥಿಗಳು ಇತಿಹಾಸದ ಪುಸ್ತಕದಲ್ಲಿ ಓದಿರುತ್ತೀರಿ. ಹರಿಯಾಣದ ಬನವಾಲಿಯಲ್ಲಿ ಮಣ್ಣಿನಿಂದ ಮಾಡಿದ ನೇಗಿಲಿನ ಮಾದರಿಯೊಂದು ದೊರೆತಿದೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಆ ಜನ ಉಳುತ್ತಿದ್ದ ಮರದ ನೇಗಿಲು ಎಂದೋ ಕೊಳೆತು ಮಣ್ಣು ಸೇರಿತು. ಅದರ ಆಕಾರ ಹೀಗಿತ್ತು ಎಂದು ನಮಗೆ ಹೇಳುತ್ತಿರುವುದು ಅಂಗೈಯಗಲದ ಆ ಮಣ್ಣಿನ ನೇಗಿಲು. ರಾಜಸ್ಥಾನದ ಕಾಲಿಬಂಗನ್‌ನಲ್ಲಿ ಉತ್ತ ಹೊಲವೇ ಸಿಕ್ಕಿದೆ. ಅಲ್ಲಿ ಒಂದಕ್ಕೊಂದು ಅಡ್ಡಲಾಗಿ ಎರಡು ಬಗೆಯ ಸಾಲುಗಳಿವೆ. ಒಂದೇ ಹೊಲದಲ್ಲಿ ಎರಡು ಬೆಳೆ ತೆಗೆಯುತ್ತಿದ್ದರೆಂದು ವಿದ್ವಾಂಸರು ಊಹಿಸುತ್ತಾರೆ. ನಮ್ಮ ಹಳೆ ಮೈಸೂರಿನ ಕಡೆ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುವ ಅಕ್ಕಡಿ ಸಾಲು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಬನವಾಲಿಯ ಆ ಪುಟ್ಟ ನೇಗಿಲನ್ನು ಮಗುವಿನ ಆಟಕ್ಕೆ ಮಾಡಿದ್ದರೋ ಪೂಜೆಗೆ ಮಾಡಿದ್ದರೋ ಎಂಬುದು ಬೇರೆ ಮಾತು. ಹಾಗೆ ನೋಡಿದರೆ ನಮ್ಮಲ್ಲಿ ಈಗಲೂ ಅವೆರಡೂ ಬೇರೆ ಬೇರೆಯಲ್ಲ. ಬೆಳಿಗ್ಗೆ ಜಗಲಿಯ ಮೇಲೆ ಪೂಜೆಗೊಂಡ ಮಣ್ಣಿನ ಎತ್ತು ಸಂಜೆ ಮಕ್ಕಳ ಕೈಯಲ್ಲಿ ಅಂಗಳ ಉಳುತ್ತಿರುತ್ತದೆ.

ಹಬ್ಬದ ಹೆಸರಿನ ಆಟ

ಉತ್ತರ ಕರ್ನಾಟಕದಲ್ಲಿ ಹಬ್ಬಗಳ ಸಾಲು ಆರಂಭವಾಗುವುದೇ ಕಾರ ಹುಣ್ಣಿಮೆಯಿಂದ. ಜ್ಯೇಷ್ಠ ಮಾಸದ ಆ ಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಓಡಿಸಿ ಕರಿ ಹರಿಯುತ್ತಾರೆ. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಈ ವರ್ಷ ಯಾವ ಬೆಳೆ ಚೆನ್ನಾಗಿ ಬಂದೀತೆಂದು ಹಿರಿಯರು ಮಾತಾಡಿಕೊಳ್ಳುತ್ತಾರೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಕಾರ ಹುಣ್ಣಿಮೆ ದೊಡ್ಡವರ ಎತ್ತಿನ ಹಬ್ಬವಾದರೆ, ಮಣ್ಣೆತ್ತಿನ ಅಮಾವಾಸ್ಯೆ ಮಕ್ಕಳ ಎತ್ತಿನ ಹಬ್ಬ.

ಹೊಲದ ಕರಿಮಣ್ಣನ್ನೋ ಕೆರೆಯ ಜಿಗುಟು ಮಣ್ಣನ್ನೋ ತಂದು, ಕಲ್ಲು ಕಸ ಆರಿಸಿ, ನೀರು ಹಾಕಿ ಮಿದ್ದು ಹದ ಮಾಡಿ ಜೋಡಿ ಎತ್ತು ಮಾಡುತ್ತಾರೆ. ಅವುಗಳ ಮುಂದೆ ಮೇವು ಹಾಕಲು ಗೋದಲಿ. ಕಣ್ಣಿಗೆ, ಕೊರಳಿಗೆ ಕುಸುಬೆ ಕಾಳು, ಜೋಳದ ಕಾಳು. ಕೆಲವೂರುಗಳಲ್ಲಿ ಮರುದಿನ ಇನ್ನೊಂದು ಸೊಗಸಾದ ಆಟವಿದೆ. ಮಕ್ಕಳು ಒಂದು ಕಾಲು ಮುರಿದ ಮಣ್ಣಿನ ಎತ್ತನ್ನು ಹಿಡಿದು, ಕುಂಟೆತ್ತು ಬಂದಿದೆ ಎಂದು ಹಾಡುತ್ತ ಮನೆಮನೆಗೆ ಹೋಗಿ ಜೋಳ ಕೇಳುತ್ತಾರೆ. ಯಾರೂ ಇಲ್ಲವೆನ್ನುವುದಿಲ್ಲ. ಬಿತ್ತನೆಯ ಹೊತ್ತಿಗೆ ಯಾರ ಎತ್ತಾದರೂ ಕುಂಟಿದರೆ ಅವರ ಬೇಸಾಯವೇ ಕುಂಟುತ್ತದೆ. ಆಗ ಊರು ಕೈಹಿಡಿಯಬೇಕು. ಈ ಆಟದಿಂದ ಮಗುವಿನ ಮನಸ್ಸಿಗೆ ಇಳಿಯುವುದು ಅದೇ ಮಾತೆಂದು ನನಗನ್ನಿಸುತ್ತದೆ.

ಅಲ್ಲಿಂದ ಮುಂದೆ ಆಷಾಢದ ಮಂಗಳವಾರಗಳಂದು ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಐದಕ್ಕೂ ಮಣ್ಣೇ ಬೇಕು. ಬಿತ್ತನೆಯಿಂದ ಪೈರು ತೆನೆಗೆ ಬರುವವರೆಗಿನ ಇಡೀ ಮಳೆಗಾಲದಲ್ಲಿ ಮಗುವಿನ ಕೈ ಐದು ಸಲ ಮಣ್ಣನ್ನು ಮುಟ್ಟಿ ನೋಡುತ್ತದೆ. ಯಾವ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ಯಾವುದು ಉದುರುತ್ತದೆ, ಯಾವುದಕ್ಕೆ ಎಷ್ಟು ನೀರು ಹಿಡಿಯುತ್ತದೆ ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಎರೆಭೂಮಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಮರಳು ಮಿಶ್ರಿತ ಮಸಾರಿಯಲ್ಲಿ ನೀರು ಬೇಗ ಇಂಗಿಹೋಗುತ್ತದೆ ಎಂಬ ಪಾಠವನ್ನು ಅಂಥ ಮಗು ಮುಂದೆ ಭೂಗೋಳದಲ್ಲಿ ಓದುವಾಗ ಬಾಯಿಪಾಠ ಮಾಡಬೇಕಾಗಿಲ್ಲ.

ಎತ್ತು ಮಾಡುವುದೂ ಸಣ್ಣ ಪಾಠವಲ್ಲ. ಹಿಣಿಲು ಎಲ್ಲಿ ಏಳುತ್ತದೆ, ಗಂಗೆದೊಗಲು ಎಷ್ಟು ಇಳಿಬೀಳುತ್ತದೆ, ಕೊಂಬು ಎತ್ತ ಬಾಗುತ್ತದೆ ಎಂದು ನೋಡದೆ ಎತ್ತು ಮಾಡಲಾಗದು. ಹಳ್ಳಿಕಾರ್ ಎತ್ತಿನ ಉದ್ದನೆಯ ಕೊಂಬುಗಳು ನೆತ್ತಿಯಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಸಾಗಿ ತುದಿಯಲ್ಲಿ ಮುಂದಕ್ಕೆ ಬಾಗುತ್ತವೆ. ಕೃಷ್ಣಾ ತೀರದ ಎತ್ತು ಭಾರಿ ಮೈಕಟ್ಟಿನದು. ಜಿಗುಟಾದ ಎರೆಮಣ್ಣಿನಲ್ಲಿ ನೇಗಿಲೆಳೆಯಲು ಆ ಬಲ ಬೇಕು. ಮಲೆನಾಡು ಗಿಡ್ಡ ಚಿಕ್ಕದು. ಮಳೆ, ಗುಡ್ಡ, ಇಕ್ಕಟ್ಟಾದ ದಾರಿಗೆ ಒಗ್ಗಿದ್ದು. ನೆಲಕ್ಕೆ ತಕ್ಕ ತಳಿ ಎಂಬುದನ್ನು ತಿಳಿಯಲು ಮೂರು ಊರಿನ ಮಕ್ಕಳು ಮಾಡಿದ ಮಣ್ಣೆತ್ತುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸಾಕು.

ದಂಟು, ಹಾಳೆ, ಹುಣಸೆ ಬೀಜ

ಸುಗ್ಗಿ ಮುಗಿದು ಕಣದಲ್ಲಿ ಜೋಳದ ದಂಟು ಬಿದ್ದಿರುವಾಗ ಮಕ್ಕಳ ಕಾರ್ಖಾನೆ ತೆರೆಯುತ್ತದೆ. ದಂಟಿನ ಗಟ್ಟಿ ಸಿಪ್ಪೆ ಸೀಳಿದರೆ ಕಡ್ಡಿ, ಒಳಗಿನ ಮೆತ್ತನೆಯದು ಬೆಂಡು. ಬೆಂಡಿಗೆ ಕಡ್ಡಿ ಚುಚ್ಚಿ ಜೋಡಿಸಿದರೆ ಗಾಡಿ, ನೊಗ, ಎತ್ತು, ಕನ್ನಡಕ, ಏನು ಬೇಕಾದರೂ ಸಿದ್ಧ. ಮೊಳೆಯಿಲ್ಲ, ಅಂಟಿಲ್ಲ, ಕಾಸಿನ ಖರ್ಚಿಲ್ಲ. ಅಚ್ಚು ಓರೆಯಾದರೆ ಗಾಲಿ ತಿರುಗುವುದಿಲ್ಲ, ಭಾರ ಹಿಂದಕ್ಕಾದರೆ ಮೂಕಿ ಮೇಲೇಳುತ್ತದೆ. ಸನ್ನೆಕೋಲಿನ ತತ್ವವನ್ನು ಎಂಟನೆಯ ವಯಸ್ಸಿನಲ್ಲಿ ಕೈಯಾರೆ ಕಂಡವನಿಗೆ ಮುಂದೆ ಭೌತಶಾಸ್ತ್ರದ ಚಿತ್ರ ಬೆದರಿಕೆ ಹುಟ್ಟಿಸದು.

ಮಲೆನಾಡು, ಕರಾವಳಿಗೆ ಬಂದರೆ ದಂಟಿನ ಜಾಗದಲ್ಲಿ ಅಡಿಕೆ ಹಾಳೆ. ಒಬ್ಬ ಹಾಳೆಯ ಮೇಲೆ ಕೂರುವುದು, ಇನ್ನೊಬ್ಬ ಸೋಗೆಯ ತುದಿ ಹಿಡಿದು ಎಳೆಯುವುದು. ಒಣಗಿದ ಹಾಳೆ ಜಾರುವುದೆಷ್ಟು, ಒದ್ದೆ ನೆಲದಲ್ಲಿ ಎಳೆಯಲು ಎಷ್ಟು ಬಲ ಬೇಕು ಎಂಬುದು ಆಡುತ್ತಲೇ ತಿಳಿಯುತ್ತದೆ. ಅಲ್ಲಿ ಭೂಮಿ ಹುಣ್ಣಿಮೆಗೆ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಅದರಲ್ಲಿ ಅಡುಗೆ ತುಂಬಿಕೊಂಡು ಬೆಳಗಿನ ಜಾವ ಗದ್ದೆಗೆ ಹೋಗಿ, ತೆನೆ ಹೊತ್ತ ಭೂಮಿಯನ್ನು ಬಸುರಿ ಹೆಣ್ಣಿನಂತೆ ಭಾವಿಸಿ ಬಡಿಸುತ್ತಾರೆ. ನಿದ್ದೆಗಣ್ಣಿನಲ್ಲಿ ಹಿಂದೆ ಹೋಗುವ ಮಕ್ಕಳಿಗೆ ಅದು ಪೂಜೆಗಿಂತ ಹೆಚ್ಚಾಗಿ ಒಂದು ಸಾಹಸ.

ಮಳೆ ಹಿಡಿದು ಹೊರಗೆ ಹೋಗಲಾಗದ ದಿನಗಳಿಗೆ ಅಳಗುಳಿ ಮಣೆ ಇದೆ. ದಕ್ಷಿಣ ಕನ್ನಡದಲ್ಲಿ ಅದು ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಕೈಯಲ್ಲಿ ಹುಣಸೆ ಬೀಜ. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದು ಬಿತ್ತನೆಯೇ ಸರಿ. ಇದೇ ಆಟವನ್ನು ತಮಿಳರು ಪಲ್ಲಾಂಗುಳಿ ಎನ್ನುತ್ತಾರೆ. ಒಂದು ಗುಳಿಯಲ್ಲಿ ನಾಲ್ಕು ಕಾಳು ಕೂಡಿದರೆ ಅದಕ್ಕೆ ಅವರಲ್ಲಿ ‘ಪಸು’, ಅಂದರೆ ಹಸು ಎಂದು ಹೆಸರು. ಗುಡಿಯ ಜಗಲಿಗಳ ಮೇಲೆ ಗೀರಿದ ಆಡು-ಹುಲಿಯ ಮನೆಯಲ್ಲಂತೂ ಮೂರು ಹುಲಿಗಳನ್ನು ಹದಿನೈದು ಆಡುಗಳು ಕಟ್ಟಿಹಾಕಬೇಕು. ಒಂಟಿಯಾಗಿ ಅಲೆದ ಆಡು ಸಾಯುತ್ತದೆ, ಒತ್ತಾಗಿ ನಿಂತವು ಉಳಿಯುತ್ತವೆ. ಕುರಿ ಕಾಯುವವನಿಗೆ ಇದಕ್ಕಿಂತ ಮುಖ್ಯವಾದ ಪಾಠ ಯಾವುದಿದೆ?

ಕಾಣದ್ದನ್ನು ಆಡುವುದು ಹೇಗೆ?

ಇಷ್ಟೆಲ್ಲ ಹೇಳಿದ ಮೇಲೆ, “ಈಗಿನ ಮಕ್ಕಳು ಮೊಬೈಲು ಬಿಟ್ಟು ಮೇಲೇಳುವುದಿಲ್ಲ” ಎಂದು ಮಕ್ಕಳನ್ನೇ ಗದರುವುದು ಸುಲಭ. ಅದು ನ್ಯಾಯವಲ್ಲ. ಮಗು ಯಾವಾಗಲೂ ಕಂಡದ್ದನ್ನೇ ಆಡುತ್ತದೆ. ಬಸ್ಸು ಕಂಡರೆ ಬಸ್ಸಿನಾಟ, ಡಾಕ್ಟರನ್ನು ಕಂಡರೆ ಸೂಜಿಯಾಟ. ಎತ್ತನ್ನೇ ಕಾಣದ ಮಗು ಮಣ್ಣಿನ ಎತ್ತನ್ನು ಹೇಗೆ ಮಾಡೀತು? 2019ರಲ್ಲಿ ನಡೆದ 20ನೆಯ ಜಾನುವಾರು ಗಣತಿಯ ಪ್ರಕಾರ, 2012ಕ್ಕೆ ಹೋಲಿಸಿದರೆ ದೇಶದಲ್ಲಿ ಹಸುಗಳ ಸಂಖ್ಯೆ ಶೇಕಡಾ 18ರಷ್ಟು ಏರಿತ್ತು, ಗಂಡು ದನಗಳ ಸಂಖ್ಯೆ ಶೇಕಡಾ 30ರಷ್ಟು ಇಳಿದಿತ್ತು. ಉಳುಮೆಗೆ ಟ್ರಾಕ್ಟರು ಬಂದ ಮೇಲೆ ವರ್ಷವಿಡೀ ಎತ್ತು ಸಾಕುವುದು ಸಣ್ಣ ರೈತನ ಕೈಗೆಟುಕುವ ಮಾತಲ್ಲ. ಅದಕ್ಕಾಗಿ ಅವನನ್ನು ದೂರಿ ಫಲವಿಲ್ಲ. ಎತ್ತು ಹೋದ ಮನೆಗೆ ಮಣ್ಣಿನ ಎತ್ತೂ ಪೇಟೆಯಿಂದಲೇ ಬರುತ್ತದೆ, ಅಚ್ಚಿನಲ್ಲಿ ಒತ್ತಿ ಬಣ್ಣ ಹೊಡೆದದ್ದು. ಪೂಜೆ ನಡೆಯುತ್ತದೆ, ಮಣ್ಣು ಮಿದಿಯುವ ಪಾಠ ಮಾತ್ರ ತಪ್ಪಿಹೋಗುತ್ತದೆ.

ಪಟ್ಟಣದ ಮಗುವಿಗೆ ಹೊಲ ದೂರವಾದದ್ದು ಎಲ್ಲರಿಗೂ ಗೊತ್ತು. ಹಳ್ಳಿಯ ಮಗುವಿಗೂ ಅದು ದೂರವಾಗುತ್ತಿರುವುದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ಶಾಲೆಯ ವ್ಯಾನು ಬರುತ್ತದೆ, ಸಂಜೆ ಟ್ಯೂಷನ್ನು, ರಾತ್ರಿ ಹೋಂವರ್ಕು. ಮನೆಯ ಹಿತ್ತಿಲಿನಾಚೆಗೇ ಇರುವ ಹೊಲದಲ್ಲಿ ಏನು ಬಿತ್ತಿದ್ದಾರೆಂದು ಕೇಳಿದರೆ ಮಗು ಅಜ್ಜನ ಮುಖ ನೋಡುತ್ತದೆ.

“ನಾವು ಪಟ್ಟ ಪಾಡು ಸಾಕು”

ಇಲ್ಲಿ ಒಬ್ಬ ತಂದೆಯ ಆಕ್ಷೇಪವನ್ನು ಮುಚ್ಚುಮರೆಯಿಲ್ಲದೆ ಕೇಳಬೇಕು. “ಸ್ವಾಮಿ, ನಾವು ಮಣ್ಣಿನಲ್ಲಿ ಪಟ್ಟ ಪಾಡು ಸಾಕು. ನಮ್ಮ ಮಕ್ಕಳಿಗೆ ಅದು ಬೇಡ. ಪಟ್ಟಣದಲ್ಲಿ ಕೂತವರಿಗೆ ಮಣ್ಣೆತ್ತು ಚೆಂದ ಕಾಣುತ್ತದೆ. ಸಾಲ ತೀರಿಸುವವರು ನಾವು.” ಈ ಮಾತಿನಲ್ಲಿ ಸುಳ್ಳಿಲ್ಲ. ಬೆಳೆದ ಟೊಮೆಟೊಗೆ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಬಂದ ತಂದೆಗೆ ಬೇಸಾಯದ ಹಿರಿಮೆಯ ಬಗ್ಗೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ಆದರೆ ಆಟ ಎಂದರೆ ಒಪ್ಪಂದವಲ್ಲ. ಮಣ್ಣೆತ್ತು ಮಾಡಿದ ಮಗು ರೈತನೇ ಆಗಬೇಕೆಂದಿಲ್ಲ. ಡಾಕ್ಟರಾಟ ಆಡಿದವರೆಲ್ಲ ಡಾಕ್ಟರಾಗಿದ್ದಾರೆಯೇ? ಈ ಮಗು ನಾಳೆ ಬ್ಯಾಂಕಿನ ಅಧಿಕಾರಿಯಾಗಬಹುದು, ಇಂಜಿನಿಯರಾಗಬಹುದು, ತಹಸೀಲ್ದಾರರಾಗಬಹುದು. ಆಗ ಅದರ ಮೇಜಿನ ಮುಂದೆ ಒಬ್ಬ ರೈತ ಅರ್ಜಿ ಹಿಡಿದು ನಿಲ್ಲುತ್ತಾನೆ. ಆರಿದ್ರಾ ಮಳೆ ಬಾರದಿದ್ದರೆ ಏನಾಗುತ್ತದೆ, ಬಿತ್ತಿದ್ದು ಮತ್ತೆ ಬಿತ್ತುವುದೆಂದರೆ ಏನು ಎಂದು ಆ ಅಧಿಕಾರಿಗೆ ಗೊತ್ತಿದೆಯೋ ಇಲ್ಲವೋ ಎಂಬುದರ ಮೇಲೆ ಆ ರೈತನ ಅರ್ಜಿಯ ಗತಿ ನಿಂತಿರುತ್ತದೆ. ಇನ್ನೂ ಹತ್ತಿರದ ಮಾತು ಬೇಕೆಂದರೆ, ಹಳ್ಳಿಯ ಎಷ್ಟೋ ಮಕ್ಕಳು ಕಾಲೇಜಿನಲ್ಲಿ ಅಪ್ಪನ ಕಸುಬು ಹೇಳಲು ಹಿಂಜರಿಯುತ್ತಾರೆ. ಅಪ್ಪನಿಗೆ ಏನು ಗೊತ್ತಿದೆ ಎಂಬುದು ಮಗುವಿಗೆ ಗೊತ್ತಿಲ್ಲದಿದ್ದಾಗ ಈ ನಾಚಿಕೆ ಹುಟ್ಟುತ್ತದೆ. ಅದನ್ನು ಕಳೆಯುವ ಶಕ್ತಿ ಅಂಕಪಟ್ಟಿಗಿಲ್ಲ.

ದೊಡ್ಡವರೂ ಇದನ್ನು ಬಹಳ ಹಿಂದೆಯೇ ಯೋಚಿಸಿದ್ದರು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಎಲ್ಲ ಪಾಠ ಕಲಿಸುವ ನಯೀ ತಾಲೀಮನ್ನು ಮುಂದಿಟ್ಟರು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕುಣಿತಗಳನ್ನೇ ಕಲಿಕೆಯ ದಾರಿಯಾಗಿ ಮಾಡಿ ನೋಡಿದರು. ಜಪಾನಿನ ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಪ್ರಕಟಿಸಿದ, ಕನ್ನಡಕ್ಕೂ ಬಂದಿರುವ ‘ತೊತ್ತೊ ಚಾನ್’ ಪುಸ್ತಕದಲ್ಲಿ, ಹೆಡ್ಮಾಸ್ತರರಾದ ಕೊಬಾಯಾಶಿಯವರು ನೆರೆಯ ರೈತನೊಬ್ಬನನ್ನು ಕರೆತಂದು, ಇವರೇ ನಿಮ್ಮ ಬೇಸಾಯದ ಮೇಷ್ಟ್ರು ಎಂದು ಮಕ್ಕಳಿಗೆ ಪರಿಚಯಿಸುತ್ತಾರೆ. ಬೋಧಿಸುವ ಪರವಾನಗಿ ಇಲ್ಲದ ರೈತ ಮುಜುಗರಪಟ್ಟರೂ ಹೆಡ್ಮಾಸ್ತರರು ಕೇಳುವುದಿಲ್ಲ. ನಮ್ಮ ಶಾಲೆಗಳ ಸುತ್ತ ಇಂಥ ಮೇಷ್ಟ್ರುಗಳಿಗೆ ಬರವಿಲ್ಲ, ಕರೆಯುವವರಿಗೆ ಬರ.

ಆಟ ಯಾವುದು, ದುಡಿಮೆ ಯಾವುದು?

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬೇಸಾಯ ಕಲಿಸುವ ಹೆಸರಿನಲ್ಲಿ ಮಗುವನ್ನು ಕೂಲಿಗೆ ಹಚ್ಚಬಾರದು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು ನಿಷೇಧಿಸುತ್ತದೆ. ಅಪಾಯವಿಲ್ಲದ ಮನೆತನದ ಕೆಲಸದಲ್ಲಿ ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ ನೆರವಾಗಲು ಮಾತ್ರ ಅವಕಾಶವಿದೆ. ಆಡುವುದು ಮಗುವಿನ ಹಕ್ಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಕಾನೂನು ಒತ್ತಟ್ಟಿಗಿರಲಿ, ಒಂದು ಸುಲಭದ ಪರೀಕ್ಷೆಯಿದೆ. ಮಗು ‘ಸಾಕು’ ಎಂದಾಗ ನಿಲ್ಲಿಸಬಹುದಾದರೆ ಅದು ಆಟ, ನಿಲ್ಲಿಸುವಂತಿಲ್ಲವಾದರೆ ದುಡಿಮೆ.

ಹಾಗೆಯೇ ಔಷಧಿ ಸಿಂಪಡಿಸಿದ ಹೊಲ, ಓಡುತ್ತಿರುವ ಟ್ರಾಕ್ಟರು, ರಾಶಿಯ ಯಂತ್ರ, ತೆರೆದ ಬಾವಿ ಇವು ಆಟದ ಜಾಗಗಳಲ್ಲ. ಕೃಷಿಹೊಂಡದ ಪ್ಲಾಸ್ಟಿಕ್ ಹಾಸು ಪಾಚಿಗಟ್ಟಿ ಜಾರುತ್ತದೆ. ಬಿದ್ದವರಿಗೆ ಹತ್ತಿ ಬರಲು ಹಿಡಿತವೇ ಸಿಗುವುದಿಲ್ಲ. ಅದರ ಸುತ್ತ ಬೇಲಿ ಹಾಕದೆ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಬೇಡಿ. ಔಷಧಿಯ ಖಾಲಿ ಡಬ್ಬಿ ಯಾವ ಕಾರಣಕ್ಕೂ ಆಟಿಕೆಯಾಗಕೂಡದು.

ಈ ವರ್ಷ ಆಡಬಹುದಾದ ಕೆಲವು ಆಟಗಳು

ಪಟ್ಟಣದ ಬಾಡಿಗೆ ಮನೆಯಲ್ಲಿದ್ದರೂ ಆಡಬಹುದಾದ ನಾಲ್ಕೈದು ಆಟಗಳನ್ನು ಇಲ್ಲಿ ಕೊಡುತ್ತೇನೆ.

ಮೊದಲನೆಯದು ಮಣ್ಣಿನಾಟ. ಗಾಜಿನ ಬಾಟಲಿಯ ಮೂರನೆಯ ಒಂದು ಭಾಗ ಮಣ್ಣು, ಮೇಲೆ ನೀರು ತುಂಬಿ ಚೆನ್ನಾಗಿ ಕುಲುಕಿ ಇಡಿ. ಮರಳು ಕ್ಷಣಗಳಲ್ಲಿ ತಳ ಸೇರುತ್ತದೆ, ಗೋಡು ಅದರ ಮೇಲೆ ನಿಧಾನವಾಗಿ ಕೂರುತ್ತದೆ, ಜೇಡಿ ಮರುದಿನದವರೆಗೂ ನೀರನ್ನು ಕದಡಿಟ್ಟಿರುತ್ತದೆ. ಅಜ್ಜಿಯ ಊರಿನ ಮಣ್ಣು, ಶಾಲೆಯ ಅಂಗಳದ ಮಣ್ಣು ಎರಡನ್ನೂ ಹೀಗೆ ಇಟ್ಟು ಹೋಲಿಸಿ. ಎತ್ತು ಮಾಡಲು ಯಾವುದು ಒಳ್ಳೆಯದೆಂದು ನೀವೇ ಹೇಳುವಿರಿ.

ಎರಡನೆಯದು ಮಳೆಯಾಟ. ನೇರವಾದ ಬದಿಯ ಬಾಟಲಿಯ ಕತ್ತು ಕತ್ತರಿಸಿ ಬಯಲಲ್ಲಿಡಿ, ಬೆಳಿಗ್ಗೆ ಅಳತೆಪಟ್ಟಿಯಿಂದ ಅಳೆಯಿರಿ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆಗೆ ಸುಮಾರು 40,000 ಲೀಟರ್! ದಿನದ ಅಳತೆಯ ಪಕ್ಕದಲ್ಲಿ ಮಳೆ ನಕ್ಷತ್ರದ ಹೆಸರು ಬರೆಯಿರಿ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೂ ಹದಿಮೂರು-ಹದಿನಾಲ್ಕು ದಿನ. ಅಜ್ಜ ಹೇಳುವ ಮಳೆಯ ಗಾದೆ ಈ ವರ್ಷ ಎಷ್ಟು ಸಲ ನಿಜವಾಯಿತೆಂದು ಲೆಕ್ಕ ಹಾಕಿ. ಗಾದೆ ಸುಳ್ಳಾದರೂ ಅಜ್ಜ ಬೇಸರಿಸಲಾರರು.

ಮೂರನೆಯದು ಮೊಳಕೆಯಾಟ. ಒದ್ದೆ ಬಟ್ಟೆಯಲ್ಲಿ ನೂರು ಕಾಳು ಎಣಿಸಿ ಸುತ್ತಿಡಿ. ಮೊಳೆತವು ಎಷ್ಟೋ ಅಷ್ಟೇ ಶೇಕಡಾ. ನವರಾತ್ರಿಯಲ್ಲಿ ಘಟದ ಸುತ್ತ ಮಣ್ಣಿನಲ್ಲಿ ಧಾನ್ಯ ಹಾಕಿ ಒಂಬತ್ತು ದಿನ ಸಸಿ ಬೆಳೆಸುವ ಮನೆಗಳಲ್ಲಿ ಈ ಪರೀಕ್ಷೆ ತಲೆಮಾರುಗಳಿಂದ ನಡೆದೇ ಇದೆ.

ನಾಲ್ಕನೆಯದು ಮಾತಿನಾಟ. ನೇಗಿಲಿನ ಒಂದೊಂದು ಭಾಗಕ್ಕೂ ಹೆಸರಿದೆ: ಹಿಡಿಯುವುದು ಮೇಳಿ, ಉಳುವ ಕಬ್ಬಿಣ ಕುಳ, ನೊಗಕ್ಕೆ ಸೇರುವ ಉದ್ದನೆಯ ಮರ ಈಸು. ಕೂರಿಗೆ, ಕುಂಟೆ, ಮಿಣಿ, ಮೂಗುದಾರ, ಹಗೇವು ಎಂಬ ಮಾತುಗಳ ಅರ್ಥ ಮನೆಯಲ್ಲಿ ಯಾರಿಗೆ ಗೊತ್ತಿದೆ? ಯಾರು ಹೆಚ್ಚು ಹೆಸರು ಸಂಗ್ರಹಿಸುತ್ತಾರೋ ಅವರು ಗೆದ್ದಂತೆ. ಊರೂರಿಗೆ ಹೆಸರು ಬೇರೆಯಾಗುತ್ತದೆ, ಅದೇ ಆಟದ ರುಚಿ.

ಐದನೆಯದನ್ನು ತಂದೆತಾಯಿಗಳೂ ಕೂತು ಆಡಬೇಕು. ಹೆಸರು ಸಂತೆಯಾಟ ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರಿಗೂ 20 ಹುಣಸೆ ಬೀಜ. ಒಂದು ಬೆಳೆಗೆ ಖರ್ಚು 10 ಬೀಜ: ಬೀಜ-ಗೊಬ್ಬರಕ್ಕೆ 4, ಉಳುಮೆಗೆ 3, ಕೂಲಿಗೆ 3. ಈಗ ಮಳೆಗಾಗಿ ನಾಲ್ಕು ನಾಣ್ಯ ಚಿಮ್ಮಿ. ಒಂದೂ ತಲೆ ಬೀಳದಿದ್ದರೆ ಬರ, ಫಸಲಿಲ್ಲ. ಒಂದು ಬಿದ್ದರೆ 6 ಬೀಜದ ಫಸಲು. ಎರಡೋ ಮೂರೋ ಬಿದ್ದರೆ ಹದವಾದ ಮಳೆ, 16 ಬೀಜ. ನಾಲ್ಕೂ ಬಿದ್ದರೆ ಅತಿವೃಷ್ಟಿ, 8 ಬೀಜ. ಆಮೇಲೆ ಸಂತೆಯ ಧಾರಣೆಗಾಗಿ ಮತ್ತೊಂದು ನಾಣ್ಯ. ತಲೆ ಬಿದ್ದರೆ ಪೂರ್ತಿ ಬೆಲೆ, ಇಲ್ಲವಾದರೆ ಕೈಗೆ ಬರುವುದು ಅರ್ಧ.

ಹತ್ತು ಸುತ್ತು ಆಡುವುದರೊಳಗೆ ಯಾರಾದರೊಬ್ಬ ಹುಡುಗ “ಇದು ಮೋಸದ ಆಟ!” ಎಂದು ಕೂಗಿಕೊಳ್ಳುವುದು ಖಂಡಿತ. ಕಾಲೇಜಿನ ಅಕ್ಕ ಆಗ ಸಂಭವನೀಯತೆಯ ಲೆಕ್ಕ ಬಿಡಿಸಿ ತೋರಿಸಲಿ. ಮಳೆಯ ಹದಿನಾರು ಸಾಧ್ಯತೆಗಳಲ್ಲಿ ಹತ್ತರಲ್ಲಿ ಮಳೆ ಹದವಾಗಿಯೇ ಬರುತ್ತದೆ. ಮಳೆಯೊಂದನ್ನೇ ನೋಡಿದರೆ ಸರಾಸರಿ ಫಸಲು 12 ಬೀಜ, ಲಾಭವೇ ಇದೆ. ಸಂತೆಯ ನಾಣ್ಯ ಬಿದ್ದ ಮೇಲೆ ಅದು 9ಕ್ಕೆ ಇಳಿಯುತ್ತದೆ. ಹತ್ತು ಹಾಕಿದವನಿಗೆ ಒಂಬತ್ತು! ಆಕಾಶ ಕೊಟ್ಟದ್ದನ್ನು ಸಂತೆ ಕಿತ್ತುಕೊಂಡಿತು. ಇದು ಆಟಕ್ಕೆಂದು ನಾನು ಹಾಕಿದ ಲೆಕ್ಕ, ಯಾವ ಊರಿನ ಜಮಾಖರ್ಚೂ ಅಲ್ಲ. ಆದರೂ ಸಂತೆಯಿಂದ ಬಂದ ಅಪ್ಪ ಕೆಲವು ಸಂಜೆ ಏಕೆ ಯಾರೊಡನೆಯೂ ಮಾತಾಡದೆ ಕೂರುತ್ತಾರೆಂಬುದು ಮಗುವಿಗೆ ಅಂದು ಅರ್ಥವಾದೀತು.

ಎರಡನೆಯ ಸಲ ಆಡುವಾಗ ನಿಯಮ ಬದಲಿಸಿ. ಹತ್ತು ಬೀಜವನ್ನು ಐದೈದಾಗಿ ಎರಡು ಬೆಳೆಗೆ ಹಾಕಿ, ಎರಡಕ್ಕೂ ಬೇರೆ ಬೇರೆ ಚಿಮ್ಮಿ, ಫಸಲನ್ನು ಅರ್ಧರ್ಧ ಎಣಿಸಿ. ಸರಾಸರಿ ಆದಾಯ ಹೆಚ್ಚುವುದಿಲ್ಲ, ಅದೇ 9. ಆದರೆ ಏನೂ ಕೈಗೆ ಬಾರದ ಸಾಧ್ಯತೆ ಹದಿನಾರರಲ್ಲಿ ಒಂದು ಇದ್ದದ್ದು 256ರಲ್ಲಿ ಒಂದಕ್ಕೆ ಇಳಿಯುತ್ತದೆ. ನಿಜವಾದ ಹೊಲದಲ್ಲಿ ಎರಡು ಬೆಳೆಗೂ ಬೀಳುವುದು ಒಂದೇ ಮಳೆ, ನಿಜ. ಆದರೆ ಒಂದೇ ಮಳೆ ರಾಗಿಗೂ ತೊಗರಿಗೂ ಒಂದೇ ರೀತಿ ತಾಕುವುದಿಲ್ಲ. ಅಕ್ಕಡಿ ಸಾಲು ಹಾಕಿದ ನಮ್ಮ ಹಿರಿಯರು ಶ್ರೀಮಂತರಾಗಲು ಹೊರಟವರಲ್ಲ, ಪೂರ್ತಿ ಮುಳುಗದಿರಲು ನೋಡಿದವರು ಎಂಬುದು ಹುಣಸೆ ಬೀಜದ ಈ ಲೆಕ್ಕದಲ್ಲೇ ಕಾಣುತ್ತದೆ.

ತಾಯ್ತಂದೆಯರಲ್ಲಿ ಒಂದೇ ಕೋರಿಕೆ. ಆಟ ಕಲಿಸುವಾಗ ತಿದ್ದಲು ಹೋಗಬೇಡಿ. ಮಗು ಮಾಡಿದ ಎತ್ತು ಕತ್ತೆಯಂತೆ ಕಂಡರೂ ಅದು ಎತ್ತೇ. ಬಟ್ಟೆ ಕೊಳೆಯಾದರೆ ಒಗೆಯಬಹುದು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆಯುವ ಮಗುವಿಗೆ ಒಮ್ಮೆಯಾದರೂ ಕೈ ಕೆಸರಾಗಿರಬೇಡವೇ?

ವಿದ್ಯಾರ್ಥಿಗಳೇ, ನಿಮ್ಮಲ್ಲಿಯೂ ಒಂದು ಮಾತು. ಮನೆಯಲ್ಲೋ ನೆರೆಯಲ್ಲೋ ಬೇಸಾಯ ಮಾಡಿದ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಈ ಭಾನುವಾರ ಅವರ ಪಕ್ಕದಲ್ಲಿ ಕೂತು, “ನೀವು ಚಿಕ್ಕವರಿದ್ದಾಗ ಹೊಲದಲ್ಲಿ ಏನು ಆಟ ಆಡುತ್ತಿದ್ದಿರಿ?” ಎಂದು ಕೇಳಿ. ಸಾಲದ ವಿಷಯ, ಧಾರಣೆಯ ವಿಷಯ ಕೇಳುವವರು ಅವರಿಗೆ ಬೇಕಾದಷ್ಟು ಸಿಗುತ್ತಾರೆ. ಆಟ ಕೇಳಿದವರು ಇರಲಾರರು. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಬರೆಯುವುದನ್ನು ಬಿಟ್ಟು ಆಡಿ.